ಬಾಗಿಲಿಗೆ ಬಂದ ಕಸ, ಬಾಗಿಲೇ ಇಲ್ಲದವರು

ಬೆಂಗಳೂರನ್ನು ಆಳುವವರು 2025ರ ಅಕ್ಟೋಬರ್ ಕೊನೆಯಲ್ಲಿ ಒಂದು ಹೊಸ ಹಬ್ಬವನ್ನು ಹುಟ್ಟುಹಾಕಿದರು. ಅದರ ಹೆಸರು 'ಕಸ ಸುರಿಯುವ ಹಬ್ಬ'. ರಸ್ತೆ ಬದಿಯಲ್ಲಿ, ಖಾಲಿ ಸೈಟಿನಲ್ಲಿ ಕಸ ಎಸೆದು ಹೋಗುವವರನ್ನು ಮಾರ್ಷಲ್‌ಗಳು ಚಿತ್ರೀಕರಿಸಿಕೊಳ್ಳುವುದು, ಅವರ ಮನೆ ಹುಡುಕುವುದು, ಕಸವನ್ನು ಗಾಡಿಯಲ್ಲಿ ತಂದು ಆ ಮನೆಯ ಬಾಗಿಲಿಗೆ ಸುರಿಯುವುದು, ಮೇಲೆ ದಂಡ ಹಾಕುವುದು. ಹಬ್ಬದ ಆಚರಣೆ ಇಷ್ಟು. ಟಿವಿಯವರು ತೋರಿಸಿದರು, ಪತ್ರಿಕೆಗಳು ಬರೆದವು, ಮೊಬೈಲಿನಿಂದ ಮೊಬೈಲಿಗೆ ದೃಶ್ಯಗಳು ಹಾರಿದವು. 'ಹೀಗೆ ಮಾಡಿದರೇನೇ ಇವರಿಗೆ ಬುದ್ಧಿ ಬರೋದು' ಎಂದು ಚಪ್ಪಾಳೆ ತಟ್ಟಿದವರೇ ಹೆಚ್ಚು. ವಿದ್ಯಾವಂತರು, ಒಳ್ಳೆಯವರು, ತಮ್ಮ ಮನೆಯ ಹಸಿ ಕಸ ಒಣ ಕಸವನ್ನು ನಿಯತ್ತಿನಿಂದ ಬೇರೆ ಮಾಡಿ ಕೊಡುವವರು ಕೂಡ ತಟ್ಟಿದರು.

ಕಸ ಎಸೆಯುವವರ ಪರವಾಗಿ ವಕಾಲತ್ತು ವಹಿಸುವ ಇರಾದೆ ನನಗಿಲ್ಲ. ಕಾರಿನ ಗಾಜು ಇಳಿಸಿ ಪ್ಲಾಸ್ಟಿಕ್ ಚೀಲವನ್ನು ಬೀದಿಗೆ ಬಿಸಾಡಿ, ಗಾಜು ಏರಿಸಿಕೊಂಡು ಹೋಗುವವನಿಗೆ ದಂಡ ಬೀಳಲೇಬೇಕು. ಅದೂ ಹೊಟ್ಟೆ ಉರಿಯುವಷ್ಟು ಬೀಳಬೇಕು. ಆದರೆ ದಂಡ ಹಾಕುವುದು ಬೇರೆ, ಬೀದಿಯ ನಡುವೆ ಒಬ್ಬರ ಇಜ್ಜತ್ತನ್ನು ತಮಾಷೆ ಮಾಡಿ, ಅದರ ಚಿತ್ರ ತೆಗೆದು ಹಂಚುವುದು ಬೇರೆ. ಎರಡನೆಯದನ್ನು ಒಬ್ಬ ಪುಂಡ ಮಾಡಿದರೆ ಅದಕ್ಕೆ ಪುಂಡಾಟಿಕೆ ಎನ್ನುತ್ತೇವೆ. ಸರಕಾರ ಮಾಡಿದರೆ 'ಉಪಕ್ರಮ' ಎನ್ನಬೇಕಂತೆ.

ನನ್ನ ಮೊದಲ ತಕರಾರು ಆ ಹೆಸರಿನ ಮೇಲೆಯೇ. ಹಬ್ಬ ಎಂಬ ಮಾತನ್ನು ಕನ್ನಡಿಗರು ಅಷ್ಟು ಸುಲಭವಾಗಿ ಯಾರಿಗೂ ಕೊಟ್ಟವರಲ್ಲ. ನಮ್ಮ ರಂಜಾನೂ ಹಬ್ಬ, ಬಕ್ರೀದೂ ಹಬ್ಬ, ಪಕ್ಕದ ಮನೆಯವರ ಯುಗಾದಿಯೂ ಹಬ್ಬ. ಆ ದಿನ ಬಾಗಿಲಿಗೆ ಬಂದವರಿಗೆ ಏನಾದರೂ ಕೊಡಬೇಕು, ಒಂದು ಬಟ್ಟಲು ಶೀರ್‌ಖುರ್ಮಾ ಆಗಲಿ, ಒಂದು ಹಿಡಿ ಬೇವು ಬೆಲ್ಲ ಆಗಲಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರ ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಬಂದು ಹೋಗುತ್ತದೆ. ಅದಕ್ಕೆ ಯಾವ ಆಯುಕ್ತರ ಸುತ್ತೋಲೆಯೂ ಬೇಕಾಗಲಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಗೆ ರೈತರು ಕಡಲೆಕಾಯಿ ತಂದು ರಾಶಿ ಹಾಕುತ್ತಾರೆ. ಅದೂ ಸುರಿಯುವುದೇ, ಆದರೆ ಸುರಿದದ್ದು ಬೆಳೆ. ಈ ಊರಿನ ಬೀದಿಗಳಿಗೆ ಹಬ್ಬವೆಂದರೆ ಏನೆಂದು ಗೊತ್ತು. ಅದರ ಹೆಸರನ್ನು ಶಿಕ್ಷೆಗೆ ಇಡುವವರಿಗೆ ಊರೂ ಗೊತ್ತಿಲ್ಲ, ಭಾಷೆಯೂ ಗೊತ್ತಿಲ್ಲ.

ಭಾಷೆಯ ಮಾತು ಬಂತಾದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ನಮ್ಮ ಕಚೇರಿಗಳಲ್ಲಿ ದಂಡಕ್ಕೆ ಜುಲ್ಮಾನೆ ಎಂದು ಬರೆಯುವ ರೂಢಿ ಇದೆ. ಇದು ಉರ್ದುವಿನ ಜುರ್ಮಾನಾ. ಜುರ್ಮ್ ಎಂದರೆ ಅಪರಾಧ, ಅಪರಾಧಕ್ಕೆ ಕಟ್ಟುವ ಹಣ ಜುರ್ಮಾನಾ. ಅದು ಕನ್ನಡದ ಬಾಯಿಗೆ ಬರುವಾಗ ರಕಾರ ಹೋಗಿ ಲಕಾರ ಬಂತು. ಜುಲ್ಮ್ ಎಂದರೆ ದಬ್ಬಾಳಿಕೆ. ಯಾವ ಶಾನುಭೋಗನ ನಾಲಗೆ ತಪ್ಪಿತೋ, ಅಥವಾ ಯಾವ ರೈತನ ನಾಲಗೆ ಬೇಕೆಂದೇ ಹಾಗೆ ತಿರುಗಿತೋ ಹೇಳಲಾರೆ. ನಮ್ಮ ಹಳೆಯ ಜನಕ್ಕೆ ಮಾತ್ರ ಈ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದು ಅನುಭವದಿಂದ ಗೊತ್ತಿದ್ದಿರಬೇಕು.

ಕಾನೂನು ಏನು ಹೇಳುತ್ತದೆ? ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬೀದಿಗೆ ಕಸ ಎಸೆಯುವುದನ್ನು ನಿಷೇಧಿಸಿದ್ದವು, ಸ್ಥಳದಲ್ಲೇ ದಂಡ ವಿಧಿಸಲು ಸ್ಥಳೀಯ ಸಂಸ್ಥೆಗೆ ಅವಕಾಶ ಕೊಟ್ಟಿದ್ದವು. 'ಎಸೆದವನ ಹೊಸ್ತಿಲಿಗೆ ಮರಳಿ ಸುರಿಯತಕ್ಕದ್ದು' ಎಂಬ ಸಾಲು ಅವುಗಳಲ್ಲಿಲ್ಲ. ಬೀದಿಗೆ ಕಸ ಸುರಿಯುವುದು ಅಪರಾಧವಾದರೆ ಆ ಮನೆಯ ಮುಂದಿರುವುದೂ ಬೀದಿಯೇ. ಎಂಟು ಮನೆಗಳ ವಠಾರದಲ್ಲಿ ಒಬ್ಬಳು ಎಸೆದದ್ದಕ್ಕೆ ಎಂಟೂ ಮನೆಯವರು ಮೂಗು ಮುಚ್ಚಿಕೊಂಡು ಓಡಾಡಬೇಕು. ಅವಳಾದರೂ ಏಕೆ ಎಸೆದಳು ಎಂದು ಕೇಳುವ ವ್ಯವಧಾನ ಮಾರ್ಷಲ್‌ಗಿಲ್ಲ. ನಾಲ್ಕು ಮನೆಯ ಪಾತ್ರೆ ತೊಳೆಯಲು ಬೆಳಗಿನ ಆರೂವರೆಗೆ ಹೊರಡುವ ಹೆಂಗಸು, ಎಂಟಕ್ಕೋ ಒಂಬತ್ತಕ್ಕೋ ಬರುವ ಕಸದ ಆಟೋಗೆ ಬಕೆಟ್ಟು ಹಿಡಿದು ನಿಲ್ಲುವುದು ಹೇಗೆ? ಆಟೋ ತೂರದ ಗಲ್ಲಿಗಳಿರುವ ಮೊಹಲ್ಲಾಗಳಲ್ಲಿ ಅವಳು ಕಸವನ್ನು ಎಲ್ಲಿಡಬೇಕು? ಬೀದಿಯ ತೊಟ್ಟಿಗಳನ್ನು ಎತ್ತಿಬಿಟ್ಟವರೇ, ತೊಟ್ಟಿ ಇದ್ದ ಜಾಗದಲ್ಲಿ ಕಸ ಬೀಳುತ್ತಿದೆಯೆಂದು ಸೋಜಿಗಪಡುತ್ತಾರೆ. ದೊಡ್ಡ ಹೋಟೆಲು, ಕಲ್ಯಾಣಮಂಟಪ, ಕಟ್ಟಡ ಒಡೆದ ಅವಶೇಷವನ್ನು ರಾತ್ರೋರಾತ್ರಿ ಕೆರೆಯಂಗಳಕ್ಕೆ ಸುರಿಯುವ ಟಿಪ್ಪರು, ಇವಕ್ಕೆ ಇಂಥ ಸುಲಭದ ಬಾಗಿಲಿರುವುದಿಲ್ಲ. ಅಲ್ಲಿ ಗೇಟಿದೆ, ಗೇಟಿನಲ್ಲಿ ಕಾವಲುಗಾರನಿದ್ದಾನೆ.

ಯಾರು ಎಸೆದರೋ ಅವರ ಬಾಗಿಲಿಗೇ ಸುರಿಯಬೇಕು ಎಂಬ ನ್ಯಾಯವನ್ನು ಒಪ್ಪಿಕೊಂಡೇ ಸ್ವಲ್ಪ ದೂರ ಹೋಗೋಣ. ಹಾಗಾದರೆ ಮಾವಳ್ಳಿಪುರದವರು ಏನು ಮಾಡಬೇಕಿತ್ತು? ಮಂಡೂರಿನವರು? ಬೆಂಗಳೂರಿನ ಅಡುಗೆಮನೆಗಳ, ಆಸ್ಪತ್ರೆಗಳ, ಮಾರುಕಟ್ಟೆಗಳ ಹೊಲಸನ್ನೆಲ್ಲ ಹೊತ್ತ ಲಾರಿಗಳು ವರ್ಷಗಟ್ಟಲೆ ಈ ಹಳ್ಳಿಗಳ ದಾರಿ ಹಿಡಿದವು. ಅವರ ಬಾವಿ ನೀರು ಕೆಟ್ಟಿತು, ನೊಣ ನಾಯಿಗಳ ಕಾಟಕ್ಕೆ ಮಿತಿಯಿರಲಿಲ್ಲ, ಆ ಊರಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡಿದರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಎದೆಮಟ್ಟಕ್ಕೆ ನಿಂತಿತು. ಉದ್ಯಾನನಗರಿಯ ಕೀರ್ತಿ ಹೊರದೇಶದ ಪತ್ರಿಕೆಗಳವರೆಗೂ ಹೋಯಿತು. ಆಗ ನಮಗೆ ನೆನಪಾದದ್ದು ಮಂಡೂರು. ಅಲ್ಲಿಯವರೂ ಲಾರಿಗಳಿಗೆ ಅಡ್ಡ ಕುಳಿತ ಮೇಲೆ 2014ರ ಕೊನೆಗೆ ಅಲ್ಲಿ ಸುರಿಯುವುದನ್ನು ನಿಲ್ಲಿಸಬೇಕಾಯಿತು. ಅನಂತರವೂ ಕಸ ಆಕಾಶಕ್ಕೇನೂ ಹೋಗಲಿಲ್ಲ. ಮಿಟ್ಟಗಾನಹಳ್ಳಿಯಂಥ ಇನ್ನೊಂದು ಊರಿನ ಕಲ್ಲುಕ್ವಾರಿಗೆ ಹೋಯಿತು. ಮಂಡೂರಿನ ಜನ ನ್ಯಾಯವಾಗಿ ತಮಗೆ ಸಿಕ್ಕ ಈ 'ಹಬ್ಬ'ವನ್ನು ಆಚರಿಸಿ, ಅಷ್ಟು ವರ್ಷಗಳ ಕಸವನ್ನು ಹೇರಿಕೊಂಡು ಬಂದು ವಿಧಾನಸೌಧದ ಮೆಟ್ಟಿಲಿಗೋ ಹಡ್ಸನ್ ವೃತ್ತದ ಪಾಲಿಕೆ ಕಚೇರಿಗೋ ಸುರಿದಿದ್ದರೆ ಅದಕ್ಕೂ ಚಪ್ಪಾಳೆ ಬೀಳುತ್ತಿತ್ತೆ? ಲಾಠಿ ಬೀಳುತ್ತಿತ್ತು.

ಬಾಗಿಲಿಗೆ ಸುರಿದ ಕಸವನ್ನು ಕೊನೆಗೆ ಎತ್ತಬೇಕಾದವರು ಯಾರು? ಅದೇ ಪೌರಕಾರ್ಮಿಕರು. ಬಹುಪಾಲು ದಲಿತರು, ಅವರಲ್ಲೂ ಹೆಂಗಸರೇ ಹೆಚ್ಚು. ಒಮ್ಮೆ ಎತ್ತಿದ್ದನ್ನು ದೊಡ್ಡವರ ಸಂತೋಷಕ್ಕಾಗಿ ಮತ್ತೊಮ್ಮೆ ಸುರಿದು ಮತ್ತೊಮ್ಮೆ ಎತ್ತಬೇಕು. ಇವರ ಶ್ರಮವನ್ನು ಹೀಗೆ ಆಟದ ಸಾಮಾನು ಮಾಡಿಕೊಳ್ಳುವುದು ನನಗೆ ಆ ಮನೆಯವರ ಅವಮಾನಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲೇ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತ್ತು. ಸರಕಾರ ಮುಂದೆ ಅದನ್ನು 700 ಜನಕ್ಕೆ ಒಬ್ಬ ಎಂದು ಹಿಗ್ಗಿಸಿಕೊಂಡಿತು. 2011ರ ಜನಗಣತಿಯಂತೆ ಪಾಲಿಕೆಯ ವ್ಯಾಪ್ತಿಯಲ್ಲಿ 84 ಲಕ್ಷಕ್ಕೂ ಹೆಚ್ಚು ಜನ. ಸಾಲಪ್ಪನವರ ಲೆಕ್ಕ ಹಿಡಿದರೆ ಅಂದಿಗೇ ಸುಮಾರು 17,000 ಮಂದಿ ಬೇಕಿತ್ತು. ಊರು ಆಮೇಲೆ ಎಷ್ಟು ಬೆಳೆಯಿತೆಂದು ಯಾರಿಗೂ ಹೇಳಬೇಕಾಗಿಲ್ಲ. ಗುತ್ತಿಗೆದಾರರ ಕೈಕೆಳಗೆ ತಿಂಗಳುಗಟ್ಟಲೆ ಸಂಬಳ ಕಾಣದೆ ದುಡಿದ ಇವರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಕೂತ ಮೇಲೆಯೇ ಸರಕಾರಕ್ಕೆ ಕಿವಿ ಕೇಳಿಸಿದ್ದು. 2025ರ ಮೇ 1ರಂದು 12,692 ಮಂದಿಗೆ ಕಾಯಂ ನೇಮಕದ ಪತ್ರ ಕೊಟ್ಟರು. ಇದು ಒಳ್ಳೆಯ ಕೆಲಸ. ಮೆಚ್ಚಬೇಕಾದದ್ದನ್ನು ಮೆಚ್ಚಲು ನನಗೆ ಸಂಕೋಚವಿಲ್ಲ. 2024ರಲ್ಲಿ ಪಾರ್ಕುಗಳನ್ನು ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡಬೇಕೆಂದದ್ದೂ ಒಳ್ಳೆಯದೇ. ಮಧ್ಯಾಹ್ನದ ಬಿಸಿಲಲ್ಲಿ ಒಂದು ಬೆಂಚು ಹುಡುಕುವ ಪೋಸ್ಟಿನವನಿಗೆ, ಡೆಲಿವರಿ ಹುಡುಗನಿಗೆ ಅದರ ಬೆಲೆ ಗೊತ್ತು. ಆದರೆ ಕಸದ ಆಟೋ ಓಡಿಸುವವರು, ಲಾರಿಗೆ ತುಂಬುವವರು 2022ರ ಆ ತೀರ್ಮಾನದ ಹೊರಗೇ ಉಳಿದರು. ಮನೆಬಾಗಿಲಿಗೆ ಆಟೋ ಏಕೆ ಸರಿಯಾಗಿ ಬರುವುದಿಲ್ಲ ಎಂಬುದಕ್ಕೆ ಉತ್ತರವನ್ನು ಇಲ್ಲಿ ಹುಡುಕಬೇಕಿತ್ತು. ಮಾರ್ಷಲ್‌ನ ಕ್ಯಾಮರಾದಲ್ಲಿ ಅದು ಸಿಗುವುದಿಲ್ಲ.

ಇನ್ನು ನಮ್ಮ ಗುಜರಿಯವರು. ಹಸಿ ಕಸ, ಒಣ ಕಸ ಎಂದು ಬೇರೆ ಮಾಡುವ ವಿದ್ಯೆಯನ್ನು ಹೈಕೋರ್ಟು 2012ರಲ್ಲಿ ಕಡ್ಡಾಯ ಮಾಡಿತು. ಜಾಲಿ ಮೊಹಲ್ಲಾದ ಗುಜರಿ ಅಂಗಡಿಗಳಿಗೆ ಆ ವಿದ್ಯೆ ಅದಕ್ಕೂ ಬಹಳ ಹಿಂದಿನಿಂದ ಗೊತ್ತು. ತಾಮ್ರ ಬೇರೆ, ಹಿತ್ತಾಳೆ ಬೇರೆ, ರದ್ದಿ ಕಾಗದದಲ್ಲಿ ಬಿಳಿಯದು ಬೇರೆ ರಟ್ಟು ಬೇರೆ. ಹಾಲಿನ ಕವರು ಒಂದು ದರ, ನೀರಿನ ಬಾಟಲಿ ಇನ್ನೊಂದು ದರ. ನಾಯಂಡಹಳ್ಳಿಯ ಕಡೆ ಪ್ಲಾಸ್ಟಿಕ್ಕನ್ನು ತೊಳೆದು, ಅರೆದು, ಮತ್ತೆ ಬಳಕೆಗೆ ತರುವ ಸಣ್ಣ ಸಣ್ಣ ಘಟಕಗಳು. ಬಗಲಿಗೆ ಗೋಣಿಚೀಲ ಹಾಕಿಕೊಂಡು ಬೆಳಗಿನ ಜಾವದಲ್ಲೇ ಹೊರಡುವ ಚಿಂದಿ ಆಯುವವರಿಂದ ಹಿಡಿದು ಇಲ್ಲಿಯವರೆಗೆ ಒಂದು ಸರಪಳಿ. ಅದರಲ್ಲಿ ದಲಿತರಿದ್ದಾರೆ, ಮುಸ್ಲಿಮರಿದ್ದಾರೆ, ತಮಿಳು ತೆಲುಗು ಮಾತಾಡುವವರಿದ್ದಾರೆ, ಇತ್ತೀಚೆಗೆ ಬಂಗಾಳಿ ಮಾತಾಡುವವರಿದ್ದಾರೆ. ಇವರು ಒಂದು ವಾರ ಸುಮ್ಮನೆ ಕೂತರೆ ಎಷ್ಟು ಲಾರಿ ಕಸ ಹೆಚ್ಚಾದೀತು ಎಂದು ಪಾಲಿಕೆಯೇ ಲೆಕ್ಕ ಹಾಕಿ ನೋಡಲಿ. ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟ ಮೊದಲಿಗರ ಸಾಲಿನಲ್ಲಿ ಬೆಂಗಳೂರು ಪಾಲಿಕೆ ಇದೆ. ಅದೇ ಊರಿನಲ್ಲಿ 2020ರ ಜನವರಿಯಲ್ಲಿ, ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ, 'ಬಾಂಗ್ಲಾದೇಶಿಗಳು' ಎಂಬ ಗುಲ್ಲಿನ ಮೇಲೆ ಕೂಲಿಕಾರರ ಗುಡಿಸಲುಗಳನ್ನು ನೆಲಸಮ ಮಾಡಿದರು. ಅಲ್ಲಿದ್ದವರಲ್ಲಿ ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು. ಆ ಕ್ರಮವನ್ನು ಹೈಕೋರ್ಟು ಒಪ್ಪಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. 'ಕಸ ಸುರಿಯುವ ಹಬ್ಬ' ನಡೆಸಿದ ಸಂಸ್ಥೆಯ ಹೆಸರು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ. ಪಾಲಿಕೆಯ ಒಂದು ಇಲಾಖೆ ಮಾಡುತ್ತಿದ್ದ ಕೆಲಸಕ್ಕೆ 2021ರಲ್ಲಿ ಹುಟ್ಟಿದ ಕಂಪನಿ ಇದು. ಹಬ್ಬ ನಡೆದು ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 20ರ ಮುಂಜಾವಿನಲ್ಲಿ, ಇದೇ ಸಂಸ್ಥೆಯ ಯಂತ್ರಗಳು ಪೊಲೀಸರ ಬೆಂಗಾವಲಿನಲ್ಲಿ ಯಲಹಂಕದ ಹತ್ತಿರದ ಕೋಗಿಲು ಗ್ರಾಮಕ್ಕೆ ಹೋದವು. ಫಕೀರ್ ಕಾಲೊನಿ, ವಸೀಮ್ ಲೇಔಟ್ ಎಂಬ ಎರಡು ಬಡ ವಸತಿಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಮನೆಗಳು ಮಣ್ಣಾದವು. ಹೆಚ್ಚಿನವರು ಮುಸ್ಲಿಮರು, ಜೊತೆಗೆ ಇತರ ಬಡವರು. ಡಿಸೆಂಬರಿನ ಚಳಿ. ಮಕ್ಕಳು ಹಾಸಿಗೆಯಿಂದ ಎದ್ದು ನೇರ ಬಯಲಿಗೆ ಬಂದವು. ಏಕೆ ಕೆಡವಿದಿರಿ ಎಂದರೆ, ಅದು ಸರಕಾರಿ ಜಮೀನು, ಕಸ ನಿರ್ವಹಣೆಗೆ ಮೀಸಲಿಟ್ಟದ್ದು ಎಂಬ ಉತ್ತರ.

ಜಮೀನು ಸರಕಾರದ್ದೇ ಇರಬಹುದು. ಅಲ್ಲಿ ದಲ್ಲಾಳಿಗಳು ಬಡವರಿಂದ ಹಣ ಕಿತ್ತು ಜಾಗ ತೋರಿಸಿದ್ದರೆ ಆ ದಲ್ಲಾಳಿಗಳನ್ನು ಹಿಡಿದು ಒಳಗೆ ಹಾಕಲಿ, ಬೇಡವೆನ್ನುವವರು ಯಾರು? ಆದರೆ ಹಲವರ ಕೈಯಲ್ಲಿ ಆಧಾರ್ ಇತ್ತು, ಮತದಾರರ ಚೀಟಿ ಇತ್ತು. ಇವನ್ನು ಕೊಟ್ಟದ್ದೂ ಸರಕಾರವೇ. ಓಟು ಕೇಳಲು ಹೋದವರಿಗೆ ಆ ಮನೆಗಳ ಬಾಗಿಲು ಕಾಣುತ್ತಿತ್ತು. ಬಾಂಬೆಯ ಫುಟ್‌ಪಾತ್ ವಾಸಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1985ರಲ್ಲಿಯೇ ಬದುಕುವ ಹಕ್ಕಿನೊಳಗೆ ದುಡಿದು ತಿನ್ನುವ ಹಕ್ಕೂ ಸೇರಿದೆ, ನೋಟಿಸು ಕೊಡದೆ, ಅವರ ಮಾತು ಕೇಳದೆ ಎಬ್ಬಿಸುವುದು ಸಲ್ಲದು ಎಂದಿತು. ನೆರೆಯ ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಟೀಕೆ ಮಾಡಿದ ಮೇಲೆ ಇಲ್ಲಿಯವರಿಗೆ ಕೋಪ ಬಂತು, ಅದು ರಾಜಕೀಯ ಎಂದರು. ಇರಲಿ, ರಾಜಕೀಯವೇ ಇರಲಿ. ದಾಖಲೆ ನೋಡಿ ಅರ್ಹರಿಗೆ ಮನೆ ಕೊಡುತ್ತೇವೆಂದು ಆಮೇಲೆ ಹೇಳಿದ ಮಾತನ್ನು ಕೆಡವುವ ಮೊದಲೇ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ಉತ್ತರ ಭಾರತದ ಬುಲ್ಡೋಜರ್ ರಾಜಕೀಯವನ್ನು ವೇದಿಕೆ ಮೇಲೆ ಖಂಡಿಸುವ ಪಕ್ಷವೇ ಇಲ್ಲಿ ಆಗ ಅಧಿಕಾರದಲ್ಲಿತ್ತು ಎಂಬುದನ್ನು ಮರೆಯದೆ ಬರೆದಿಡಬೇಕು. ನಮ್ಮ ಸಮುದಾಯದ ಮುಖಂಡರು ಇಫ್ತಾರ್ ಕೂಟಗಳಲ್ಲಿ ಇವರ ಪಕ್ಕ ಕೂತು ಖರ್ಜೂರ ಬಾಯಿಗಿಡುವಾಗಲಾದರೂ ಇದನ್ನು ಕೇಳಬೇಕು.

ಅಕ್ಟೋಬರಿನಲ್ಲಿ ಬಾಗಿಲಿಗೆ ಕಸ, ಡಿಸೆಂಬರಿನಲ್ಲಿ ಕಸಕ್ಕಾಗಿ ಬಾಗಿಲು. ಒಂದೇ ಸಂಸ್ಥೆ ಎರಡು ತಿಂಗಳ ಒಳಗೆ ಇವೆರಡನ್ನೂ ಮಾಡಿತು. ಮೊದಲನೆಯದಕ್ಕೆ ನಕ್ಕು ಚಪ್ಪಾಳೆ ತಟ್ಟಿದ ಸಜ್ಜನರಿಗೆ ಎರಡನೆಯದನ್ನು ನೋಡಿ ಬೇಜಾರಾಗಿದ್ದರೆ, ಆ ಎರಡಕ್ಕೂ ನಂಟಿದೆ ಎಂದು ತಿಳಿಸಿ ಹೇಳುವುದು ನನ್ನ ಕೆಲಸ. ಜನರನ್ನು ಕೇಳಬೇಕಾಗಿಲ್ಲ, ಹೇಳಿದರೆ ಸಾಕು, ಹೇಳದಿದ್ದರೂ ಸರಿ ಎಂಬ ಧೈರ್ಯ ಎರಡರಲ್ಲೂ ಇದೆ.

ಆ ಧೈರ್ಯ ಎಲ್ಲಿಂದ ಬಂತು? ಕೇಳುವ ಕಾರ್ಪೊರೇಟರೇ ಇಲ್ಲದ್ದರಿಂದ ಬಂತು. ಬೃಹತ್ ಬೆಂಗಳೂರು ಪಾಲಿಕೆಯ ಚುನಾಯಿತ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಹಿಂದಿನ ಮತದಾನ ನಡೆದದ್ದು 2015ರ ಆಗಸ್ಟಿನಲ್ಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. 198 ವಾರ್ಡು 243 ಎಂದರು, 225 ಎಂದರು, ಪಾಲಿಕೆಯನ್ನೇ ಒಡೆದು 2025ರ ಸೆಪ್ಟೆಂಬರ್ 2ರಂದು ಐದು ಪಾಲಿಕೆ ಮಾಡಿದರು, 369 ವಾರ್ಡು ಎಂದರು. ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಸರಕಾರಗಳು ಬದಲಾದವು, ಮೂರೂ ಪಕ್ಷಗಳು ಒಂದಲ್ಲ ಒಂದು ನೆಪದಲ್ಲಿ ಹಾಯಾಗಿದ್ದವು. 2025 ಮುಗಿಯುವವರೆಗೂ ಬೆಂಗಳೂರಿಗೆ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಐದು ವರ್ಷಕ್ಕೂ ಮಿಗಿಲಾಗಿ! ಒಂದು ಕುಗ್ರಾಮದ ಪಂಚಾಯತಿಯಲ್ಲಿ ಇಷ್ಟು ದಿನ ಹೀಗಾಗಿದ್ದರೆ ಊರವರು ಬೀಗ ಜಡಿಯುತ್ತಿದ್ದರು.

ಈ ನಡುವೆ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವೂ ಸೇರಿತು. 600 ಚದರಡಿಯ ಒಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ದಾಟಿದರೆ 400 ರೂಪಾಯಿ. ಮೊತ್ತವನ್ನು ನೋಡಿ ಜಗಳ ತೆಗೆಯುವವನು ನಾನಲ್ಲ. ಚಿಕ್ಕ ಮನೆಗೆ ಚಿಕ್ಕ ಶುಲ್ಕ ಎಂಬ ತತ್ವ ಸರಿಯಾದದ್ದೇ. ಆದರೆ ಈ ಹಣ ಯಾವ ವಾರ್ಡಿನಲ್ಲಿ ಎಷ್ಟು ಬಂತು, ಅಲ್ಲಿ ಎಷ್ಟು ಆಟೋ ಓಡಿತು ಎಂದು ಎದ್ದು ನಿಂತು ಕೇಳುವ ಸಭೆಯೇ ಇಲ್ಲದಾಗ ಅದನ್ನು ತೀರ್ಮಾನಿಸಿದರು. ಸಭೆಯ ಬದಲಿಗೆ ಸಿಕ್ಕಿದ್ದು ನಡಿಗೆ. 2025ರ ಅಕ್ಟೋಬರ್ 11ರಂದು ಆಗ ಬೆಂಗಳೂರು ಅಭಿವೃದ್ಧಿ ಖಾತೆ ಹೊತ್ತಿದ್ದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಲಾಲ್‌ಬಾಗಿನಲ್ಲಿ 'ಬೆಂಗಳೂರು ನಡಿಗೆ' ಶುರು ಮಾಡಿದರು. ಬೆಳ್ಳಂಬೆಳಗ್ಗೆ ಪಾರ್ಕಿನಲ್ಲಿ ನಡೆಯುತ್ತ ನಾಗರಿಕರ ಅಹವಾಲು ಕೇಳುವುದು. ಮಂತ್ರಿ ಜನರ ನಡುವೆ ಬಂದರೆ ತಪ್ಪೇನಿಲ್ಲ. ಆದರೆ ಅಷ್ಟು ಹೊತ್ತಿಗೆ ಶೂ ಕಟ್ಟಿಕೊಂಡು ಪಾರ್ಕಿಗೆ ಬರಬಲ್ಲ ನಾಗರಿಕರು ಯಾರು? ಆ ಹೊತ್ತಿಗೆ ಪೌರಕಾರ್ಮಿಕಳ ಕೈಯಲ್ಲಿ ಪೊರಕೆ ಇರುತ್ತದೆ, ಕಲಾಸಿಪಾಳ್ಯದ ಹಮಾಲಿಯ ತಲೆ ಮೇಲೆ ಮೂಟೆ ಇರುತ್ತದೆ, ಕೋಗಿಲಿನ ಹೆಂಗಸು ನೀರಿನ ಸಾಲಿನಲ್ಲಿರುತ್ತಾಳೆ. ವಾರ್ಡ್ ಸಮಿತಿ ಎಂದು ಕಾನೂನಿನಲ್ಲಿ ಬರೆದಿರುವುದು ಇವರು ಸಂಜೆ ಬಂದು ಬೈಯಲಿ ಎಂದೇ.

ಮುಂದೆ ಸಾಲುಸಾಲು ಹಬ್ಬಗಳು ಬರಲಿವೆ. ಕರಗ ಬರುತ್ತದೆ, ಗಣೇಶ ಬರುತ್ತಾನೆ, ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮೇರಿಯಮ್ಮನ ತೇರು, ರಂಜಾನಿನ ರಾತ್ರಿಗಳಲ್ಲಿ ಅದೇ ಶಿವಾಜಿನಗರದಲ್ಲಿ, ಟ್ಯಾನರಿ ರಸ್ತೆಯಲ್ಲಿ ಸಹ್ರಿಯವರೆಗೂ ಹೊಗೆಯಾಡುವ ಒಲೆಗಳು, ಕಾರ್ತಿಕದಲ್ಲಿ ಪರಿಷೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತದ 18 ಕೆಲಸಗಳ ಪಟ್ಟಿಯಿದೆ. ಸಂಸ್ಕೃತಿಯ ಪೋಷಣೆಯೂ ಅದರಲ್ಲೊಂದು, ಕೊಳಗೇರಿಗಳನ್ನು ಉತ್ತಮಪಡಿಸುವುದೂ ಒಂದು, ಕಸ ವಿಲೇವಾರಿಯೂ ಒಂದು. ಮೂರನ್ನೂ ಒಟ್ಟಿಗೆ ಮಾಡುವ ಅವಕಾಶ ಈ ಹಬ್ಬಗಳ ಬೀದಿಗಳಲ್ಲಿದೆ. ಸ್ವಾಗತ ಕಮಾನಿಗೆ ಸುರಿಯುವ ಹಣದಲ್ಲಿ ಹೆಂಗಸರಿಗೆ ನಾಲ್ಕು ಶೌಚಾಲಯ, ಕುಡಿಯುವ ನೀರು, ಹೆಜ್ಜೆಗೊಂದು ತೊಟ್ಟಿ ಇಡಲಿ. ಆ ರಾತ್ರಿಗಳಲ್ಲಿ ದುಡಿಯುವ ಪೌರಕಾರ್ಮಿಕರಿಗೆ ಎರಡರಷ್ಟು ಕೂಲಿ, ಮರುದಿನ ರಜೆ ಕೊಡಲಿ. ಬಸವನಗುಡಿಯ ಕಡಲೆಕಾಯಿ ಸಿಪ್ಪೆ ಲಾರಿ ಹತ್ತಿ ಯಾವುದೋ ಹಳ್ಳಿಯ ಕ್ವಾರಿಗೆ ಹೋಗುವ ಬದಲು ಅಲ್ಲಿಯ ಪಾರ್ಕುಗಳಲ್ಲೇ ಗೊಬ್ಬರವಾಗಲಿ.

ಆ 369 ವಾರ್ಡುಗಳಿಂದ ಆರಿಸಿ ಬರುವವರು ಯಾವ ಪಕ್ಷದವರೇ ಆಗಿರಲಿ, ಅವರನ್ನು ಮೊದಲ ದಿನವೇ ಕೇಳಬೇಕಾದ ಪ್ರಶ್ನೆಗಳಿವೆ. ನಮ್ಮ ಬೀದಿಯ ಕಸ ಇಂದು ಯಾವ ಊರಿಗೆ ಹೋಯಿತು? ಅದನ್ನು ಹೊತ್ತವನಿಗೆ ಹೋದ ತಿಂಗಳ ಸಂಬಳ ಬಂತೆ? ಫಕೀರ್ ಕಾಲೊನಿಯ ಎಷ್ಟು ಸಂಸಾರಗಳಿಗೆ ಬೀಗದ ಕೈ ಸಿಕ್ಕಿತು, ಎಷ್ಟು ಸಂಸಾರಗಳಿಗೆ ಸಿಗಲಿಲ್ಲ? ಹೆಸರಿನ ಪಟ್ಟಿಯನ್ನು ಪಾಲಿಕೆ ಕಚೇರಿಯ ಗೋಡೆಗೆ ಅಂಟಿಸಲಿ, ಕನ್ನಡದಲ್ಲಿ.